52ರಲ್ಲಿ 38 ಕಳೆದರೆ 26 ಯಾಕೆ ಬಂತು?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಸಂಜೆ ನಾಲ್ಕೈದು ಮಕ್ಕಳು ಲೆಕ್ಕ ಮಾಡೋಕೆ ಬರುತ್ತಾರೆ. ಎಲ್ಲರೂ ಅಕ್ಕಪಕ್ಕದ ಕನ್ನಡದ ಮನೆಯವರೇ. ಮೊದಲ ದಿನ ಹೆಚ್ಚಿನವರು ಪೆನ್ಸಿಲ್‌ಗಿಂತ ರಬ್ಬರನ್ನೇ ಗಟ್ಟಿಯಾಗಿ ಹಿಡಿದು ಕೂತಿರುತ್ತಾರೆ. ಉತ್ತರ ಬರೀತಾರೆ, ನನ್ನ ಮುಖ ನೋಡ್ತಾರೆ, ನಾನು ಬಾಯಿ ತೆರೆಯುವ ಮೊದಲೇ ಅಳಿಸಿಬಿಡುತ್ತಾರೆ. ನಿಮ್ಮ ಮನೆಯಲ್ಲೂ ಹೀಗೇನಾ? ಹಾಗಿದ್ದರೆ ಮೊದಲು ಆ ರಬ್ಬರ್ ಎತ್ತಿಡಿ. ತಪ್ಪಾದರೆ ಅದರ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಬರೀಲಿ. ಅಳಿಸಿಹೋದ ತಪ್ಪಿನಿಂದ ನಿಮಗೆ ಏನೂ ಗೊತ್ತಾಗೋದಿಲ್ಲ.

3ನೇ ತರಗತಿಯ ಒಬ್ಬ ಹುಡುಗಿ 52ರಲ್ಲಿ 38 ಕಳೆದು 26 ಅಂತ ಬರೆದಿದ್ದಳು. "ಹೇಗೆ ಮಾಡಿದೆ, ಹೇಳು ಪುಟ್ಟಿ" ಅಂದೆ. "8ರಲ್ಲಿ 2 ಹೋದ್ರೆ 6, 5ರಲ್ಲಿ 3 ಹೋದ್ರೆ 2" ಅಂದಳು. ನೋಡಿ, ಕಳೆಯೋದು ಅವಳಿಗೆ ಚೆನ್ನಾಗೇ ಬರುತ್ತೆ. ದೊಡ್ಡದರಿಂದ ಚಿಕ್ಕದನ್ನು ಕಳೀಬೇಕು ಅಂತ ಎಲ್ಲೋ ಕೇಳಿದ್ದನ್ನು ಒಂದೊಂದು ಅಂಕಿಗೂ ಬೇರೆಬೇರೆಯಾಗಿ ಹಚ್ಚಿದ್ದಳು, ಅಷ್ಟೇ. ಇದು ಬಹಳ ಮಕ್ಕಳು ಮಾಡುವ ತಪ್ಪು. ದಡ್ಡತನ ಅಲ್ಲವೇ ಅಲ್ಲ.

ಆಗ ಪುಸ್ತಕ ಮುಚ್ಚಿ. 10 ರೂಪಾಯಿಯ 5 ನೋಟು, 1 ರೂಪಾಯಿಯ 2 ನಾಣ್ಯ ಮಗುವಿನ ಕೈಗೆ ಕೊಡಿ. ನೀವು ಅಂಗಡಿಯವರಾಗಿ 38 ರೂಪಾಯಿ ಕೇಳಿ. ನಮ್ಮ ಹುಡುಗಿ 3 ನೋಟು ಕೊಟ್ಟಳು, 2 ನಾಣ್ಯ ಕೊಟ್ಟಳು, ಆಮೇಲೆ ಸುಮ್ನೆ ನಿಂತಳು. "ಚಿಲ್ಲರೆ ಇಲ್ಲ ಆಂಟಿ." "ಹಾಗಾದ್ರೆ ಏನ್ಮಾಡ್ತೀಯಾ?" ಸ್ವಲ್ಪ ಹೊತ್ತು ಬಿಟ್ಟು ಅವಳೇ ಒಂದು ನೋಟು ಮುರಿಸಿಕೊಂಡಳು. ಕೊಟ್ಟದ್ದನ್ನೂ ಸೇರಿಸಿದರೆ ಈಗ 4 ನೋಟು, 12 ನಾಣ್ಯ. 38 ಕೊಟ್ಟ ಮೇಲೆ ಕೈಯಲ್ಲಿ 14 ಉಳೀತು. ಇದನ್ನೇ ಶಾಲೆಯಲ್ಲಿ ಪಕ್ಕದ ಮನೆಯಿಂದ ಸಾಲ ತರೋದು ಅಂತ ಹೇಳಿಕೊಡುತ್ತಾರೆ, ಆದರೆ ಸಾಲ ಅಂದ ಕೂಡಲೇ ಮಕ್ಕಳಿಗೆ ಅದನ್ನು ವಾಪಸ್ ಯಾವಾಗ ಕೊಡೋದು ಅನ್ನುವ ಪ್ರಶ್ನೆ ಬರುತ್ತೆ, ಅದಕ್ಕೆ ನಮ್ಮ ಹತ್ತಿರ ಉತ್ತರ ಇರೋದಿಲ್ಲ. ನನಗೆ ಚಿಲ್ಲರೆ ಅನ್ನೋ ಮಾತೇ ಇಷ್ಟ.

"ಹೇಗೆ ಮಾಡಿದೆ" ಅಂತ ಸರಿ ಉತ್ತರಕ್ಕೂ ಕೇಳಿ. ಇಲ್ಲದಿದ್ದರೆ ಆ ಪ್ರಶ್ನೆ ಬಂತು ಅಂದರೆ ತಪ್ಪಾಗಿದೆ ಅಂತ ಮಗು ಕಲಿತುಬಿಡುತ್ತೆ. ಕೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಇದೇ ಎಲ್ಲಕ್ಕಿಂತ ಕಷ್ಟ, ಯಾಕಂದ್ರೆ ಅಷ್ಟರಲ್ಲಿ ಅಡುಗೆಮನೆಯಿಂದ ಯಾರಾದರೂ ಉತ್ತರ ಕೂಗಿಬಿಡುತ್ತಾರೆ. ಅವರಿಗೂ ಮೊದಲೇ ಹೇಳಿಡಿ. ಹೊಗಳುವಾಗ ಬರೀ "ಜಾಣೆ" ಅನ್ನಬೇಡಿ, "ನೋಟು ಮುರಿಸೋದು ನಿನಗೇ ಹೊಳೀತು ಅಲ್ವಾ" ಅನ್ನಿ.

ಮುಂಬೈ ಕಡೆಯ ಮಕ್ಕಳಿಗೆ ಇನ್ನೊಂದು ತೊಡಕಿದೆ. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಟಕ್ಕೆ ಹೋದರೆ ಮರಾಠಿ, ಮನೆಯಲ್ಲಿ ಕನ್ನಡ. ಮರಾಠಿಯ 'ಪಸ್ತೀಸ್'ನಲ್ಲಿ 5 ಮೊದಲು ಕೇಳಿಸುತ್ತೆ, 30 ಆಮೇಲೆ. ಹಾಗಾಗಿ 35 ಬರೆಯೋ ಜಾಗದಲ್ಲಿ 53 ಬಂದರೆ ಬೈಯಬೇಡಿ, ಕಿವಿಗೆ ಬಿದ್ದ ಹಾಗೇ ಬರೆದಿರಬಹುದು. 29ಕ್ಕೆ 'ಏಕೋಣ್‌ತೀಸ್', ಅಂದರೆ ಮೂವತ್ತಕ್ಕೆ ಒಂದು ಕಮ್ಮಿ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ 2ನೇ ತರಗತಿಯ ಗಣಿತ ಪುಸ್ತಕದಲ್ಲಿ 21ನ್ನು 'ವೀಸ್ ಏಕ್' ಅಂತ ಹೇಳುವ ಹೊಸ ರೀತಿ ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗಲಾಟೆಯೇ ಆಯಿತು. ಕನ್ನಡದಲ್ಲಿ ಅದು ಮೊದಲಿಂದಲೂ ಹಾಗೇ ಇದೆ: ಇಪ್ಪತ್ತೊಂದು, ಮೂವತ್ತೈದು. ಮುಕ್ಕಾಲು ಅಂದರೆ ಮೂರು ಕಾಲು, ಭಿನ್ನರಾಶಿ ಆ ಮಾತಿನೊಳಗೇ ಕೂತಿದೆ. ಶಾಲೆ ಯಾವ ಭಾಷೆಯದ್ದೇ ಇರಲಿ, ಮನೆಯಲ್ಲಿ ಕನ್ನಡದಲ್ಲೇ ಎಣಿಸಲಿ. ಗೊಂದಲ ಆಗುತ್ತೆ ಅಂತ ನಿಲ್ಲಿಸಬೇಡಿ.

ಮಗ್ಗಿ ಬಾಯಿಪಾಠ ಬೇಕೇ ಬೇಕು. ಆದರೆ ಮರೆತಾಗ ಹಿಡಿಯೋಕೆ ಒಂದು ದಾರಿಯೂ ಇರಲಿ. ಏಳೆಂಟ್ಲ ಎಷ್ಟು ಅಂತ ನೆನಪಾಗಲಿಲ್ಲವಾ? ಐದೆಂಟ್ಲ 40, ಎರಡೆಂಟ್ಲ 16, ಕೂಡಿಸಿದರೆ 56.

ಸ್ವಲ್ಪ ದೊಡ್ಡ ಮಕ್ಕಳಿಗೆ ಲೋಕಲ್ ಟ್ರೇನೇ ಪುಸ್ತಕ. ಥಾಣೆಯಲ್ಲಿ 8:47ಕ್ಕೆ ಹತ್ತಿ ದಾದರ್‌ನಲ್ಲಿ 9:15ಕ್ಕೆ ಇಳಿದರೆ ಎಷ್ಟು ನಿಮಿಷ? 915ರಲ್ಲಿ 847 ಕಳೆದು 68 ಅನ್ನೋರು ಇದ್ದಾರೆ. ತಿದ್ದಬೇಡಿ. "ಫಾಸ್ಟ್ ಲೋಕಲ್‌ಗೆ ಅಷ್ಟು ಹೊತ್ತು ಬೇಕಾ?" ಅಂತ ಕೇಳಿ. ಒಂಬತ್ತು ಗಂಟೆಗೆ 13 ನಿಮಿಷ, ಆಮೇಲೆ 15, ಒಟ್ಟು 28 ಅಂತ ಅವರೇ ದಾರಿ ಹುಡುಕ್ತಾರೆ. ಗಂಟೆಯನ್ನು ಮುರಿಸಿದರೆ 100 ಅಲ್ಲ, 60 ಸಿಗುತ್ತೆ ಅನ್ನೋದು ಆಗ ತಾನಾಗೇ ತಲೆಗೆ ಹೋಗುತ್ತೆ.

ರಾತ್ರಿ ಎಂಟೂವರೆಗೆ ಟ್ರೇನಿನಿಂದ ಇಳಿದು ಸುಸ್ತಾಗಿ ಬಂದ ದಿನ ದಯವಿಟ್ಟು ಪುಸ್ತಕ ತೆಗೆದು ಕೂರಬೇಡಿ. ಆ ಸಿಟ್ಟೆಲ್ಲ ಲೆಕ್ಕದ ಮೇಲೆ ಬೀಳುತ್ತೆ, ಮಗುವಿಗೆ ಲೆಕ್ಕ ಅಂದರೇ ಸಿಟ್ಟು ಅಂತಾಗುತ್ತೆ. "ನಂಗೂ ಗಣಿತ ಬರ್ತಿರ್ಲಿಲ್ಲ" ಅಂತ ಸಮಾಧಾನ ಹೇಳೋದೂ ಬೇಡ. ಅಂಥ ದಿನ ಊಟ ಮಾಡ್ತಾ ಮಗುವೇ ನಿಮಗೊಂದು ಲೆಕ್ಕ ಕೊಡಲಿ. ಬೇಕು ಅಂತಲೇ ಒಂದು ತಪ್ಪು ಉತ್ತರ ಹೇಳಿ, ಸುಮ್ನೆ ಕೂತಿರಿ. "ಹೇಗೆ ಮಾಡಿದ್ರಿ, ಹೇಳಿ ಅಪ್ಪ" ಅಂತ ಅದು ಕೇಳುವವರೆಗೆ.