ಚಿಕ್ಕಪೇಟೆ ಗಲ್ಲಿಯ ಅಂಗಡಿಯವರಿಗೆ: ಹಬ್ಬದ ಸೀಸನ್‌ಗೆ ಮುಂಚೆ ಒಂದು ಸಲಹೆ

ಎಲ್ಲರಿಗೂ ನಮಸ್ಕಾರ. ದೀಪಾವಳಿ ಹತ್ತಿರ ಬರ್ತಿದ್ದ ಹಾಗೆ ನಮ್ಮ ಗಲ್ಲಿಯಲ್ಲಿ ಕಾಲಿಡೋಕೂ ಜಾಗ ಇರೋದಿಲ್ಲ, ಅಲ್ವಾ? ಅದರಲ್ಲೂ ದೊಡ್ಡ ತೊಂದರೆ ಅಂದ್ರೆ ಸರಕು ಇಳಿಸುವುದು. ಹೋದ ವರ್ಷ ಮಧ್ಯಾಹ್ನ 12ಕ್ಕೆ ನನ್ನ ಅಂಗಡಿಗೇ ಟೆಂಪೋ ಬಂತು. ಸೀರೆ ಬಂಡಲ್ ಇಳಿಸುವಷ್ಟರಲ್ಲಿ ಇಡೀ ಗಲ್ಲಿ ನಿಂತುಹೋಯಿತು. ಮಗು ಎತ್ತಿಕೊಂಡಿದ್ದ ಒಬ್ಬ ತಾಯಿ ಗೋಡೆಗೆ ಒತ್ತಿ ನಿಂತಿದ್ದರು. ಇಂದಿಗೂ ಅದು ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ಅಕ್ಕಪಕ್ಕದ ಆರು ಅಂಗಡಿಯವರು ಸೇರಿ ಮಾತಾಡಿಕೊಂಡೆವು. ಸರಕು ಏನಿದ್ದರೂ ಬೆಳಿಗ್ಗೆ 9ರ ಒಳಗೆ, ಇಲ್ಲ ರಾತ್ರಿ ಬಾಗಿಲು ಹಾಕಿದ ಮೇಲೆ. ವಾಟ್ಸಾಪ್‌ನಲ್ಲಿ ಹಿಂದಿನ ದಿನವೇ ಯಾರ ಗಾಡಿ ಎಷ್ಟು ಗಂಟೆಗೆ ಅಂತ ಹಾಕುತ್ತೇವೆ. ಹಮಾಲಿಗಳಿಗೂ ಮೊದಲೇ ಹೇಳಿಡಿ. ಬೇಗ ಬರೋದಕ್ಕೆ ಸ್ವಲ್ಪ ಜಾಸ್ತಿ ಕೂಲಿ ಕೊಡಿ, ಅವರ ಶ್ರಮಕ್ಕೆ ಅದು ನ್ಯಾಯವೇ. ಸಪ್ಲೈಯರ್ ಒಪ್ಪಲ್ಲ ಅಂತ ಸುಮ್ನೆ ಕೂರಬೇಡಿ. ಆರು ಜನ ಒಟ್ಟಿಗೆ ಕೇಳಿದಾಗ ನಮ್ಮವರು ಒಪ್ಪಿದರು.

ಬೊಂಬೆ, ಸ್ಟ್ಯಾಂಡ್, ಖಾಲಿ ರಟ್ಟಿನ ಡಬ್ಬ ಯಾವುದನ್ನೂ ಮೆಟ್ಟಿಲಿನಿಂದ ಆಚೆ ಇಡಬೇಡಿ. ಇಲ್ಲಿರುವುದೆಲ್ಲ ಬಟ್ಟೆ. ಒಂದು ಕಿಡಿ ಬಿದ್ದರೆ ಬೆಂಕಿ ಆರಿಸುವವರು ಒಳಗೆ ಬರೋಕೆ ದಾರಿ ಬೇಕು. ಬೆಂಕಿ ಆರಿಸುವ ಸಿಲಿಂಡರ್‌ನ ಮುಳ್ಳು ಹಸಿರಿನಲ್ಲಿದೆಯಾ ಅಂತ ಇವತ್ತೇ ನೋಡಿ. ಅದನ್ನು ಬಳಸುವುದು ಹೇಗೆ ಅಂತ ಹುಡುಗರಿಗೂ ತೋರಿಸಿಕೊಡಿ.

ದೂರದಿಂದ ಬರುವ ಗಿರಾಕಿ ಫೋನ್ ಮಾಡಿದರೆ, ಕಾರು ಬಿಟ್ಟು ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣಕ್ಕೆ ಬನ್ನಿ ಅಂತ ಹೇಳಿ. ನಿಮ್ಮ ಸಾಲಿನಲ್ಲಿ ಇಳಿಸುವ ಸಮಯ ಯಾವುದು ಅನುಕೂಲ, ಇಲ್ಲೇ ತಿಳಿಸಿ.