ಹಾಲು ಕಕ್ಕುವ ಎಳೆಗೂಸು: ಡ್ರಾಪ್ಸ್ ಬಾಟಲಿ ತೆರೆಯುವ ಮುನ್ನ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡ ಮನೆಗಳಿಗೆ ಎದೆಹಾಲಿನ ಸಲಹೆಗಾರ್ತಿಯಾಗಿ ಹೋದಾಗ ನಾನು ಹೆಚ್ಚು ಕೇಳುವ ದೂರು ಇದು: "ಕುಡಿದದ್ದೆಲ್ಲ ಕಕ್ಕಿಬಿಡ್ತದೆ, ಹೊಟ್ಟೇಲಿ ಏನೂ ನಿಲ್ಲೋದಿಲ್ಲ." ಅಷ್ಟರಲ್ಲಾಗಲೇ ಫ್ರಿಜ್ಜಿನ ಮೇಲೆ ವಾಂತಿ ನಿಲ್ಲಲೆಂದು ತಂದ ಒಂದೆರಡು ಡ್ರಾಪ್ಸ್ ಬಾಟಲಿ ಬಂದು ಕೂತಿರುತ್ತವೆ. ಅವನ್ನು ಬದಿಗಿಟ್ಟು ನಾನು ಮೊದಲು ಮಗುವಿನ ತೂಕದ ದಾಖಲೆ ಕೇಳುತ್ತೇನೆ.

ಮೊದಲ ಮೂರು ತಿಂಗಳಲ್ಲಿ ವಾರಕ್ಕೆ ಸುಮಾರು 150ರಿಂದ 200 ಗ್ರಾಂ ಏರುತ್ತಿದ್ದು, ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ಯುತ್ತ, ಕಕ್ಕಿದ ಮೇಲೂ ಮಗು ಗೆಲುವಾಗಿದ್ದರೆ ಅದಕ್ಕೆ ಕಾಯಿಲೆಯಿಲ್ಲ. ತೂಕ ನೋಡುವುದು ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ. ದಿನಾ ತೂಗಿದರೆ ಉಚ್ಚೆ-ಮಲಗಳ ಏರಿಳಿತವೇ ಕಾಣಿಸಿ ಗಾಬರಿ ಹೆಚ್ಚುತ್ತದೆ. ಕಕ್ಕಿದ್ದು ಎಷ್ಟು ಎಂಬ ಅಂದಾಜೂ ಬಹುತೇಕ ತಪ್ಪಿರುತ್ತದೆ. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ನೀರನ್ನು ಒಣ ಪಂಚೆಯ ಮೇಲೆ ಸುರಿದು ಕಲೆ ಎಷ್ಟಗಲ ಹರಡುತ್ತದೆ ಎಂದು ನಾನು ಮನೆಯವರೆದುರೇ ತೋರಿಸುತ್ತೇನೆ. ನೋಡಿದ ಅಜ್ಜಿಯಂದಿರ ಮುಖವೇ ಸಡಿಲಾಗುತ್ತದೆ. ಒಂದು ತಿಂಗಳ ಮಗು ಒಂದು ಸಲಕ್ಕೆ ಕುಡಿಯುವ ಹಾಲಿನಲ್ಲಿ ಅದು ತೀರಾ ಸಣ್ಣ ಪಾಲು.

ಅನ್ನನಾಳ ಜಠರಕ್ಕೆ ಸೇರುವಲ್ಲಿ ಒಂದು ಸ್ನಾಯುವಿನ ಬಿಗಿತವಿದೆ. ಎಳೆಯ ಮಕ್ಕಳಲ್ಲಿ ಅದು ಆಗಾಗ ತಾನಾಗಿ ಸಡಿಲವಾಗುತ್ತದೆ. ಮೇಲಿಂದ ಆಹಾರವೆಲ್ಲ ದ್ರವ, ದಿನದ ಹೆಚ್ಚು ಹೊತ್ತು ಮಲಗಿಯೇ ಇರುವುದು, ಅನ್ನನಾಳವೂ ಗಿಡ್ಡ. ಹಾಗಾಗಿ ಹಾಲು ಮೇಲೆ ಬರುತ್ತದೆ. ಸಾಮಾನ್ಯವಾಗಿ ಎಂಟು ವಾರದೊಳಗೆ ಶುರುವಾಗಿ, ನಾಲ್ಕನೆಯ ತಿಂಗಳ ಆಸುಪಾಸಿನಲ್ಲಿ ಜೋರಾಗಿ, ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವರ್ಷ ತುಂಬುವ ಹೊತ್ತಿಗೆ ನಿಂತುಹೋಗುತ್ತದೆ. ಕಕ್ಕಿದ್ದು ಮೊಸರಿನಂತಿದ್ದರೆ ಹಾಲು ಜಠರದಲ್ಲಿ ಒಡೆದಿದೆ ಎಂದಷ್ಟೇ ಅರ್ಥ. ತಾಯಿಯ ಹಾಲು ಕೆಟ್ಟಿದೆ ಎಂದಲ್ಲ.

ಆದರೆ ಕೆಲವು ಲಕ್ಷಣ ಕಂಡರೆ ನಾನು ಹಾಲೂಡಿಸುವ ಮಾತನ್ನೇ ಬಿಟ್ಟು ಆಸ್ಪತ್ರೆಗೆ ಕಳಿಸುತ್ತೇನೆ. ವಾಂತಿ ಹಸಿರಾಗಿದ್ದರೆ ಕರುಳು ಕಟ್ಟಿರಬಹುದು. ಆ ಗಳಿಗೆಯಲ್ಲೇ ಹೊರಡಬೇಕು, ಬೆಳಗಾಗಲಿ ಎಂದು ಕಾಯಬಾರದು. (ಹಸಿರು ಮಲ ಬೇರೆ ವಿಷಯ, ಅದಕ್ಕೆ ಮುಂದೆ ಬರುತ್ತೇನೆ.) ಎರಡರಿಂದ ಎಂಟು ವಾರದ ಮಗು ಪ್ರತಿ ಸಲ ಕುಡಿದ ಮೇಲೆ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ತಕ್ಷಣ ಮತ್ತೆ ಹಸಿವಿನಿಂದ ಬಾಯಿ ತೆರೆದು, ದಿನೇ ದಿನೇ ಸೊರಗುತ್ತಿದ್ದರೆ ಜಠರದ ಹೊರದಾರಿ ದಪ್ಪಗಾಗಿ ಮುಚ್ಚಿರಬಹುದು. ಇದು ಗಂಡುಮಕ್ಕಳಲ್ಲಿ ಹೆಚ್ಚು, ಪತ್ತೆಗೆ ಸೋನೋಗ್ರಫಿ ಬೇಕು, ಶಸ್ತ್ರಕ್ರಿಯೆಯಿಂದ ಪೂರ್ತಿ ಸರಿಯಾಗುತ್ತದೆ. ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ, ಜ್ವರ, ಉಬ್ಬಿದ ನೆತ್ತಿ, ಬಿಗಿದ ಹೊಟ್ಟೆ, ಉಸಿರು ನಿಂತಂತಾಗುವುದು, ಮೊಲೆಯನ್ನೇ ಒಲ್ಲೆನ್ನುವುದು, ತೂಕ ಏರದಿರುವುದು, ಆರು ತಿಂಗಳ ನಂತರ ಹೊಸದಾಗಿ ಶುರುವಾಗುವ ವಾಂತಿ: ಇವೆಲ್ಲ ವೈದ್ಯರ ಕೆಲಸ.

ಇವು ಯಾವುವೂ ಇಲ್ಲವೆಂದಾದ ಮೇಲೆ ಒಂದು ಇಡೀ ಸರದಿ ಹಾಲೂಡಿಸುವುದನ್ನು ಕೂತು ನೋಡುತ್ತೇನೆ. ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಹಾಲು ಇಳಿಯುವ ಕ್ಷಣದಲ್ಲಿ ಮಗು ಕೆಮ್ಮಿ, ಉಸಿರುಗಟ್ಟಿ, ಮೊಲೆ ಬಿಟ್ಟು ಹಿಂದಕ್ಕೆ ಬಾಗಿ ಅಳುತ್ತದೆಯೇ? ಬಿಟ್ಟ ಮೊಲೆಯಿಂದ ಹಾಲು ಪಿಚಕಾರಿಯಂತೆ ಹಾರುತ್ತದೆಯೇ? ಮಲ ಹಸಿರಾಗಿ ನೊರೆನೊರೆಯಾಗಿದೆಯೇ, ತೂಕ ಬೇಕಾದ್ದಕ್ಕಿಂತ ವೇಗವಾಗಿ ಏರುತ್ತಿದೆಯೇ? ಹಾಗಿದ್ದರೆ ಹಾಲು ಹೆಚ್ಚಾಗಿದೆ, ರಭಸವೂ ಹೆಚ್ಚು. ಆಗ ಬಾಣಂತಿಯ ತಟ್ಟೆ ಮತ್ತು ಔಷಧಿ ಡಬ್ಬಿ ನೋಡಬೇಕು. ಶತಾವರಿ ಪುಡಿ, ಮೆಂತ್ಯದ ಲಡ್ಡು, ಅಳವಿ ಪಾಯಸ ಎಲ್ಲವೂ ಒಟ್ಟಿಗೆ ನಡೆದಿರುತ್ತವೆ. ಕೆಲವರಿಗೆ ಹಾಲು ಹೆಚ್ಚಿಸಲು ಡಾಂಪೆರಿಡೋನ್ ಮಾತ್ರೆಯನ್ನೂ ಬರೆದಿರುತ್ತಾರೆ. ಅತ್ತ ತಾಯಿಗೆ ಹಾಲು ಹೆಚ್ಚಲು, ಇತ್ತ ಮಗುವಿಗೆ ವಾಂತಿ ನಿಲ್ಲಲು, ಒಂದೇ ಔಷಧಿ ಇಬ್ಬರಿಗೂ ನಡೆಯುತ್ತಿರುವ ಮನೆಗಳೂ ಇವೆ. ಪುಡಿ, ಲಡ್ಡುಗಳನ್ನು ಅಂದೇ ನಿಲ್ಲಿಸಿ ಎನ್ನುತ್ತೇನೆ. ಮಾತ್ರೆಯನ್ನು ಮಾತ್ರ ಬರೆದ ವೈದ್ಯರನ್ನು ಕೇಳಿಯೇ ಇಳಿಸಬೇಕು.

ಮುಂದಿನದು ಕೂರುವ ರೀತಿ. ಕಾಲು ಮಡಚಿ ಕೂತು, ಮಗುವಿನ ಮೇಲೆ ಬಾಗಿ ಊಡಿಸಿದರೆ ಹಾಲು ನೇರ ಗಂಟಲಿಗೆ ಸುರಿಯುತ್ತದೆ. ಮಂಚವನ್ನು ಗೋಡೆಗೆ ಸೇರಿಸಿ, ಬೆನ್ನಿಗೆ ಎರಡು ಗಟ್ಟಿ ದಿಂಬು ಕೊಟ್ಟು, ಸೊಂಟವನ್ನು ತುಸು ಮುಂದಕ್ಕೆ ಜಾರಿಸಿ ತಾಯಿ ಅರ್ಧ ಒರಗಬೇಕು. ಮಗುವನ್ನು ಹೊಟ್ಟೆಗೆ ಹೊಟ್ಟೆ ತಾಗುವಂತೆ ತನ್ನ ಮೇಲೆ ಕವುಚಿಕೊಳ್ಳಬೇಕು. ಆಗ ಹಾಲು ಮೇಲಕ್ಕೆ ಏರಿ ಬರಬೇಕಾದ್ದರಿಂದ ರಭಸ ತಗ್ಗುತ್ತದೆ, ಹೆಚ್ಚಾದದ್ದು ಬಾಯಿಯ ಅಂಚಿನಿಂದ ಹೊರಗೆ ಸೋರುತ್ತದೆ. ಸಿಸೇರಿಯನ್ ಆಗಿದ್ದರೆ ಕಾಲುಗಳು ಗಾಯದ ಮೇಲೆ ಬಾರದ ಹಾಗೆ ಮಗುವನ್ನು ಪಕ್ಕದಿಂದ ಅಡ್ಡವಾಗಿ ಮಲಗಿಸಿಕೊಳ್ಳಿ. 10 ಅಡಿ ಅಗಲದ ಕೋಣೆಯಲ್ಲೂ ಇದು ಸಾಧ್ಯ. ಆರಾಮ ಕುರ್ಚಿ ಕೊಳ್ಳಬೇಕಿಲ್ಲ.

ಮಗು ಚೀಪುವಾಗ ಟಕ್ ಟಕ್ ಸದ್ದು ಬಂದರೆ ಹಿಡಿತ ತಪ್ಪಿ ಗಾಳಿ ಒಳಹೋಗುತ್ತಿದೆ. ಮೂಗು ಮೊಲೆತೊಟ್ಟಿನ ಎದುರಿಗಿರಲಿ. ಬಾಯಿ ಅಗಲ ತೆರೆದಾಗ ಗಲ್ಲ ಮೊದಲು ಎದೆಗೆ ಒತ್ತಲಿ, ಕೆಳಗಿನ ಕಪ್ಪು ಭಾಗ ಮೇಲಿನದಕ್ಕಿಂತ ಹೆಚ್ಚು ಬಾಯೊಳಗೆ ಹೋಗಲಿ. ಎಷ್ಟು ಸರಿಪಡಿಸಿದರೂ ಸದ್ದು ನಿಲ್ಲದಿದ್ದರೆ, ತಾಯಿಗೆ ತೊಟ್ಟು ನೋಯುತ್ತಿದ್ದರೆ, ನಾಲಿಗೆಯ ಕೆಳಗಿನ ಪದರ ಬಿಗಿಯಾಗಿದೆಯೇ ಎಂದು ಪರೀಕ್ಷಿಸಬೇಕು.

ಇಷ್ಟಕ್ಕೂ ರಭಸ ತಗ್ಗದಿದ್ದರೆ ಮೊದಲ ಹರಿವನ್ನು ಬಟ್ಟೆಗೆ ಬಿಟ್ಟು, ಚಿಮ್ಮುವುದು ನಿಂತ ಮೇಲೆ ಮಗುವನ್ನು ಹಚ್ಚಬಹುದು. ಪಂಪ್ ಹಚ್ಚಿ ಖಾಲಿ ಮಾಡುವುದು ಬೇಡ. ತೆಗೆದಷ್ಟೂ ದೇಹ ಮತ್ತಷ್ಟು ತಯಾರಿಸುತ್ತದೆ. ನಾಲ್ಕರಿಂದ ಆರು ವಾರ ಕಳೆದ ಮೇಲೂ ಹಾಲು ನಿಜಕ್ಕೂ ಉಕ್ಕುತ್ತಿದ್ದರೆ ಮೂರು ಗಂಟೆಯ ಅವಧಿಗೆ ಒಂದೇ ಮೊಲೆ ಕೊಟ್ಟು, ಮುಂದಿನ ಮೂರು ಗಂಟೆಗೆ ಇನ್ನೊಂದಕ್ಕೆ ಬದಲಿಸುವ ಕ್ರಮವಿದೆ. ಬಿಗಿದುಕೊಂಡ ಮೊಲೆಯಿಂದ ನೋವು ಹಗುರಾಗುವಷ್ಟು ಮಾತ್ರ ಹಿಂಡಿ ತೆಗೆಯಬೇಕು. ಇದನ್ನು ತಿಳಿದವರ ಕಣ್ಣಳತೆಯಲ್ಲಿ ಕೆಲವು ದಿನ ಮಾತ್ರ ಮಾಡಿಸುತ್ತೇನೆ, ವಾರದ ತೂಕ ನೋಡುತ್ತಲೇ ಇರುತ್ತೇನೆ. ಅಳತೆ ಮೀರಿದರೆ ಹಾಲು ಬತ್ತುತ್ತದೆ, ಇಲ್ಲವೇ ಮೊಲೆಯಲ್ಲಿ ಗಂಟು ಕಟ್ಟಿ ಬಾವು ಬರುತ್ತದೆ. ಹಾಗೆ ಹಿಂಡಿದ ಹಾಲನ್ನು ಚೆಲ್ಲಲು ಮನಸ್ಸಾಗದವರಿಗೆ ಮುಂಬಯಿಯ ಸಯನ್ ಆಸ್ಪತ್ರೆಯ ತಾಯಿಹಾಲಿನ ಬ್ಯಾಂಕನ್ನು ನೆನಪಿಸುತ್ತೇನೆ. 1989ರಲ್ಲಿ ಶುರುವಾದ ಅದು ಏಷ್ಯಾದಲ್ಲೇ ಮೊದಲನೆಯದು. ಆದರೆ ದಾನಕ್ಕೆಂದೇ ಹೆಚ್ಚು ಹಿಂಡಿದರೆ ಕಕ್ಕುವ ಮಗುವಿಗೆ ಅದೇ ತೊಂದರೆ ಮರಳುತ್ತದೆ.

ಕುಡಿದ ನಂತರದ ಅರ್ಧ ಗಂಟೆ ಕುಡಿಯುವ ಹೊತ್ತಿನಷ್ಟೇ ಮುಖ್ಯ. 20ರಿಂದ 30 ನಿಮಿಷ ಮಗುವನ್ನು ಎದೆಗೆ ಎದೆ ತಾಗಿಸಿ ನೆಟ್ಟಗೆ ಹಿಡಿದಿರಬೇಕು. ಹೆಗಲ ಮೇಲೆ ಹೊಟ್ಟೆ ಒತ್ತುವಂತೆ ನೇತುಹಾಕುವುದಲ್ಲ. ಬೆನ್ನು ಸವರಿದರೆ ಸಾಕು, ಗುದ್ದುವುದು ಬೇಡ. ಐದು ನಿಮಿಷದಲ್ಲಿ ತೇಗು ಬಾರದಿದ್ದರೆ ಬಿಟ್ಟುಬಿಡಿ. ತೇಗಿಸಲೆಂದು ಚೀಪುತ್ತಿರುವ ಮಗುವನ್ನು ನಡುವೆ ಎಳೆದು ಬಿಡಿಸಿದರೆ ಅದು ಅತ್ತು ಇನ್ನಷ್ಟು ಗಾಳಿ ನುಂಗುತ್ತದೆ. ತಾನಾಗಿ ನಿಲ್ಲಿಸಿದಾಗ ತೇಗಿಸಿ. ಬೌನ್ಸರ್, ಕಾರಿನ ಸೀಟುಗಳಲ್ಲಿ ಕೂರಿಸಿದರೆ ನೆಟ್ಟಗಿದ್ದಂತೆ ಕಾಣುತ್ತದೆ, ಆದರೆ ಸೊಂಟ ಮಡಚಿ ಹೊಟ್ಟೆ ಅಮುಕಿ ಹಾಲು ಮೇಲೇರುತ್ತದೆ. ಲಂಗೋಟಿಯ ದಾರ, ಡೈಪರಿನ ಪಟ್ಟಿ ಹೊಕ್ಕುಳ ಕೆಳಗಿರಲಿ, ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಕುಡಿದ ಕೂಡಲೇ ಡೈಪರ್ ಬದಲಿಸಲೇಬೇಕಾದರೆ ಎರಡೂ ಕಾಲನ್ನು ಹೊಟ್ಟೆಯತ್ತ ಎತ್ತದೆ, ಮಗ್ಗುಲಿಗೆ ಹೊರಳಿಸಿ ಬದಲಿಸಿ.

ಮಗುವಿಗೆ ಎಣ್ಣೆ ತಿಕ್ಕುವ ಮಾಲೀಶ್ ಬಾಯಿ ಬರುವ ಹೊತ್ತನ್ನು ನಾನು ಪ್ರತಿ ಮನೆಯಲ್ಲೂ ಕೇಳುತ್ತೇನೆ. ಅವಳಿಗೆ ಇನ್ನೂ ನಾಲ್ಕು ಮನೆಗಳಿರುತ್ತವೆ. ಅವಳು ಬಂದಾಗ ಮಗು ಆಗಷ್ಟೇ ಕುಡಿದಿರುತ್ತದೆ. ಕಾಲ ಮೇಲೆ ಕವುಚಿ ತಿಕ್ಕಿದರೆ, ಮಂಡಿಗಳನ್ನು ಹೊಟ್ಟೆಗೆ ಒತ್ತಿದರೆ ಕಕ್ಕದೆ ಇನ್ನೇನು ಮಾಡೀತು? ಹಾಲು ಮತ್ತು ಎಣ್ಣೆ-ಸ್ನಾನದ ನಡುವೆ ಒಂದು ಗಂಟೆ ಬಿಡಿ. ಸ್ನಾನ ಮುಗಿಸಿದ ಮೇಲೆ ಲೋಬಾನದ ಹೊಗೆ ಹಿಡಿಯುವ ರೂಢಿಯನ್ನು ನಿಲ್ಲಿಸಿ. ಮುಚ್ಚಿದ ಪುಟ್ಟ ಕೋಣೆಯಲ್ಲಿ ಅದು ಮಗುವಿನ ಉಸಿರಿಗೆ ತೊಂದರೆ, ಕೆಮ್ಮಿದಾಗಲೆಲ್ಲ ಹಾಲು ಮೇಲೆ ಬರುತ್ತದೆ. ಮನೆಯಲ್ಲಿ ಬೀಡಿ, ಸಿಗರೇಟೂ ಬೇಡ.

ಮಲಗಿಸುವ ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ಬೆನ್ನ ಮೇಲೆ, ಸಮತಟ್ಟಾದ ಗಟ್ಟಿ ಹಾಸಿಗೆ, ದಿಂಬಿಲ್ಲ. ಬೆನ್ನ ಮೇಲೆ ಮಲಗಿದಾಗ ಕಕ್ಕಿದ್ದು ಉಸಿರುನಾಳಕ್ಕೆ ಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ: ಆ ಭಂಗಿಯಲ್ಲಿ ಉಸಿರುನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ತಲೆಯ ಕಡೆ ಹಾಸಿಗೆ ಎತ್ತರಿಸುವುದು, ಸಾಸಿವೆ ದಿಂಬು, ಮಗ್ಗುಲಿಗೆ ಒತ್ತುದಿಂಬು, ಬಾಗಿಲ ಚೌಕಟ್ಟಿಗೆ ಸ್ಪ್ರಿಂಗ್ ಹಾಕಿ ತೂಗುವ ಬಟ್ಟೆಯ ಜೋಳಿಗೆ: ಇವು ಯಾವುವೂ ಮಗು ನಿದ್ರಿಸುವ ಜಾಗವಲ್ಲ. ಜೋಳಿಗೆಯಲ್ಲಿ ಮಗು ಬಾಗಿ ಗಲ್ಲ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಮುಚ್ಚುತ್ತದೆ. ಇಳಿಜಾರಿನ ಮಲಗುತೊಟ್ಟಿಗಳಲ್ಲಿ ಶಿಶುಗಳು ಸತ್ತ ಮೇಲೆ ಅಮೆರಿಕ 2022ರಲ್ಲಿ ಕಾನೂನು ತಂದು ಅವುಗಳ ಮಾರಾಟವನ್ನೇ ನಿಷೇಧಿಸಿತು. ಎಚ್ಚರವಿರುವಾಗ, ಹೊಟ್ಟೆ ಹಗುರಿದ್ದಾಗ, ಎದುರಿಗೆ ಕೂತು ಕವುಚಿ ಆಡಿಸುವುದು ಒಳ್ಳೆಯದು, ಅದು ಬೇರೆ.

ಮನೆಮದ್ದಿನ ಬಗ್ಗೆ ಹಿರಿಯರೊಡನೆ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಮಾತಾಡಬೇಕಾಗುತ್ತದೆ. ಗ್ರೈಪ್ ವಾಟರ್, ಓಮದ ನೀರು, ತೇಯ್ದ ಬಜೆ, ಇಲ್ಲಿಯವರು ಗಿಡಮೂಲಿಕೆ ತೇಯ್ದು ಕೊಡುವ ಬಾಳಗುಟಿ ಯಾವುದೂ ಆರು ತಿಂಗಳೊಳಗೆ ಬೇಡ. ಜೇನು ವರ್ಷ ತುಂಬುವವರೆಗೂ ಬೇಡ, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆ ಕರುಳಿನಲ್ಲಿ ವಿಷ ಉಂಟುಮಾಡುತ್ತದೆ. ಹಿಂಡಿದ ಹಾಲಿಗೆ ಅಕ್ಕಿ ಹಿಟ್ಟು ಬೆರೆಸಿ ಗಟ್ಟಿ ಮಾಡುವ ಉಪಾಯವೂ ನಡೆಯುವುದಿಲ್ಲ. ತಾಯಿಹಾಲಿನ ಅಮೈಲೇಸ್ ಕಿಣ್ವ ಆ ಪಿಷ್ಟವನ್ನು ಕರಗಿಸಿಬಿಡುತ್ತದೆ. ಕಕ್ಕುವ ಮಕ್ಕಳಿಗೆಂದೇ ಬರುವ ಡಬ್ಬಿ ಹಾಲಿಗೆ ಬದಲಾಯಿಸುವ ಸಲಹೆಗೂ ನಾನು ಒಪ್ಪುವುದಿಲ್ಲ. ಎದೆಹಾಲು ಡಬ್ಬಿ ಹಾಲಿಗಿಂತ ಬೇಗ ಜಠರದಿಂದ ಮುಂದೆ ಸಾಗುತ್ತದೆ.

ಔಷಧಿಯ ಮಾತು. 2018ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು ಜಂಟಿಯಾಗಿ ಕೊಟ್ಟ ಮಾರ್ಗಸೂಚಿಯಲ್ಲಿ, ಆರೋಗ್ಯವಾಗಿರುವ ಶಿಶು ಕಕ್ಕುತ್ತದೆ, ಅಳುತ್ತದೆ ಎಂಬ ಕಾರಣಕ್ಕೆ ಆಮ್ಲ ತಗ್ಗಿಸುವ ಔಷಧಿ ಕೊಡಬಾರದು ಎಂದಿದೆ, ಡಾಂಪೆರಿಡೋನನ್ನೂ ಒಪ್ಪಿಲ್ಲ. ಅದಕ್ಕೆ ಹೃದಯದ ಬಡಿತದ ಲಯ ಕೆಡಿಸುವ ಅಪಾಯವಿದೆ. ಬರೆದುಕೊಟ್ಟ ವೈದ್ಯರನ್ನು "ಇದು ಯಾವುದಕ್ಕೆ, ಎಷ್ಟು ದಿನ, ಕೊಡದಿದ್ದರೆ ಏನಾಗುತ್ತದೆ" ಎಂದು ಕೇಳಲು ತಾಯಂದಿರು ಹಿಂಜರಿಯಬಾರದು. ವಿಟಮಿನ್ ಡಿ ಹನಿ, ದಿನಕ್ಕೆ 400 ಯೂನಿಟ್, ಮುಂದುವರಿಸಬೇಕು. ತುಂಬಿದ ಹೊಟ್ಟೆಗೆ ಕೊಟ್ಟರೆ ಕಕ್ಕುತ್ತದೆ. ಹಾಲಿಗೆ ಮೊದಲು, ಕೆನ್ನೆಯ ಒಳಬದಿಗೆ ನಿಧಾನ ಬಿಡಿ.

ಕಕ್ಕುವುದರ ಜೊತೆಗೆ ಮಲದಲ್ಲಿ ರಕ್ತ ಅಥವಾ ಲೋಳೆ, ಚರ್ಮದಲ್ಲಿ ಕಜ್ಜಿ, ಸಮಾಧಾನವಾಗದ ಅಳು ಇದ್ದರೆ ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿಯನ್ನು ವೈದ್ಯರು ಶಂಕಿಸುತ್ತಾರೆ. ಆಗ ಪಥ್ಯ ತಾಯಿಗೆ, ಮಗುವಿಗೆ ಎದೆಹಾಲು ಮುಂದುವರಿಯುತ್ತದೆ. ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರ್, ಪೇಡಾ ಎಲ್ಲ ಪೂರ್ತಿ ಬಿಡಬೇಕು. ಮುಂಬಯಿಯ ಎಮ್ಮೆ ಹಾಲೂ, ಮೇಕೆ ಹಾಲೂ ಪರ್ಯಾಯವಲ್ಲ, ಪ್ರೋಟೀನುಗಳು ಹತ್ತಿರದವು. ತಪ್ಪುವುದು ಸಣ್ಣ ಕಡೆಗಳಲ್ಲಿ: ಬಾಣಂತಿ ಊಟದ ತುಪ್ಪ, ಅಂಟಿನ ಉಂಡೆಯ ತುಪ್ಪ, ಚಹಾ, ಬ್ರೆಡ್ಡು, ಬಿಸ್ಕತ್ತು. ಪೊಟ್ಟಣದ ಮೇಲೆ ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್ ಎಂದಿದೆಯೇ ಓದಿ. ಬದಲಿಗೆ ರಾಗಿ (100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ), ಎಳ್ಳಿನ ಚಟ್ನಿ, ಸಾರಿಗೆ ತೆಂಗಿನ ಹಾಲು, ಮೀನು ತಿನ್ನುವವರಿಗೆ ಮುಳ್ಳು ಸಮೇತ ಬೂತಾಯಿ. ಹೆರಿಗೆಯ ನಂತರ ಆರು ತಿಂಗಳು ಕೊಡುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು ತಪ್ಪಬಾರದು. ಗುಣ ಕಂಡ ಮೇಲೆ ಹಾಲನ್ನು ಮತ್ತೆ ಶುರುಮಾಡಿ ನೋಡಲೇಬೇಕು. ಲಕ್ಷಣ ಮರಳಿದರೆ ಮಾತ್ರ ಅಲರ್ಜಿ ಖಚಿತ. ಈ ಕೊನೆಯ ಹಂತ ಬಿಟ್ಟು ಸುಮ್ಮನೆ ತಿಂಗಳುಗಟ್ಟಲೆ ಪಥ್ಯದಲ್ಲಿ ಸವೆಯುವ ತಾಯಂದಿರನ್ನು ನೋಡಿದರೆ ಸಂಕಟವಾಗುತ್ತದೆ. ಖಾರ, ಬೇಳೆ, ಬದನೆಕಾಯಿ ಬಿಟ್ಟರೆ ಮಗು ಕಕ್ಕುವುದು ನಿಲ್ಲುವುದಿಲ್ಲ. ಬಾಣಂತಿಗೆ ಹೊಟ್ಟೆ ತುಂಬ ಊಟ ಹಾಕಿ.

ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಎರಡು ದಿನಕ್ಕೂ ಒಣಗುವುದಿಲ್ಲ. ಹಳೆಯ ಪಂಚೆಯನ್ನು ಚೌಕ ತುಂಡು ಮಾಡಿ ಎರಡು ಡಜನ್ ಇಟ್ಟುಕೊಂಡು ಮಗುವಿನ ಅಂಗಿಯ ಬದಲು ಅದನ್ನೇ ಬದಲಿಸುತ್ತಿದ್ದರೆ ಒಗೆಯುವ ಹೊರೆ ಇಳಿಯುತ್ತದೆ. ಕತ್ತಿನ ಮಡಿಕೆಯಲ್ಲಿ ಹಾಲು ಹುಳಿತು ಚರ್ಮ ಕೆಂಪಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಪೌಡರ್ ಹಾಕಬೇಡಿ.

ಆರು ತಿಂಗಳಿಗೆ ಅನ್ನಪ್ರಾಶನವಾದ ಮೇಲೆ ತೆಳ್ಳಗಿನ ಗಂಜಿನೀರಲ್ಲ, ಚಮಚದಿಂದ ಜಾರದಷ್ಟು ಗಟ್ಟಿಯಾದ ರಾಗಿ ಸರಿ, ಕಿವುಚಿದ ಬೇಳೆ-ಅನ್ನವನ್ನು ಮಗುವನ್ನು ನೆಟ್ಟಗೆ ಕೂರಿಸಿ ಕೊಡಿ. ಕೂರಲು ಕಲಿತಂತೆ ಕಕ್ಕುವುದು ಇಳಿಯುತ್ತ ಬರುತ್ತದೆ. ವರ್ಷ ದಾಟಿಯೂ ನಿಲ್ಲದಿದ್ದರೆ ತೂಕದ ದಾಖಲೆ ಹಿಡಿದು ಮತ್ತೆ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು.