ನಲವತ್ತೇಳನೆಯ ಗುಂಡು

ಹತ್ತು ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳಲ್ಲಿ 60 ಗುಂಡು ಹೊಡೆಯಬೇಕು. ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್, ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ಒಂದು ಪಂದ್ಯದಲ್ಲಿ ನನ್ನ ಮೊದಲ ನಾಲ್ಕು ಸರಣಿಗಳು (ಸರಣಿಗೆ ಹತ್ತು ಗುಂಡು) 95, 96, 95, 97. 46ನೆಯ ಗುಂಡು ಮುಗಿದಾಗ ಕಣ್ಣು ಪರದೆಯ ಮೂಲೆಯಲ್ಲಿದ್ದ ಒಟ್ಟು ಅಂಕದ ಮೇಲೆ ಬಿತ್ತು. ಉಳಿದ ಹದಿನಾಲ್ಕರಲ್ಲಿ ಇಷ್ಟು ಬಂದರೆ ಫೈನಲ್ ಸಿಗಬಹುದು ಎಂದು ತಲೆಯೊಳಗೆ ಕೂಡಿಸುವುದು ಕಳೆಯುವುದು ಶುರುವಾಯಿತು.

47ನೆಯದಕ್ಕೆ ಕೈಯೆತ್ತಿದೆ. ಗುರಿ ಹಿಡಿಯಲು ಪಿಸ್ತೂಲಿನ ಮುಂತುದಿಯಲ್ಲಿರುವ ಸೈಟ್ ಎಂದಿನಂತೆಯೇ ಸಣ್ಣಗೆ ಅಲುಗುತ್ತಿತ್ತು. ಅಭ್ಯಾಸದಲ್ಲಿ ಬೆರಳು ತಾನಾಗಿಯೇ ಬಿಗಿಯುತ್ತಾ ಹೋಗುತ್ತದೆ, ಗುಂಡು ಯಾವ ಕ್ಷಣದಲ್ಲಿ ಹಾರಿತೆಂದು ನನಗೇ ಗೊತ್ತಾಗುವುದಿಲ್ಲ. ಅಂದು ಮಾತ್ರ ಬೆರಳಿಗೆ ‘ಈಗ ಒತ್ತು’ ಎಂದು ಅಪ್ಪಣೆ ಕೊಟ್ಟೆ. ಅದು ಟ್ರಿಗರನ್ನು ಕಿತ್ತೇಬಿಟ್ಟಿತು. ಬಲಗೈಯವರು ಹಾಗೆ ಕಿತ್ತರೆ ಗುಂಡು ಸಾಮಾನ್ಯವಾಗಿ ಎಡಕ್ಕೆ, ಕೆಳಕ್ಕೆ ಸರಿಯುತ್ತದೆ. ಏಳು. ಆ ಸರಣಿ 88ಕ್ಕೆ ನಿಂತಿತು, ಕೊನೆಯದು 90.

ತಪ್ಪನ್ನೆಲ್ಲ ಎದೆಬಡಿತದ ತಲೆಗೆ ಕಟ್ಟಿದೆ. ನಮ್ಮ ಆಟದಲ್ಲಿ ನಾಡಿಯ ಮಿಡಿತ ಪಿಸ್ತೂಲಿನ ತುದಿಯಲ್ಲಿ ಕಾಣಿಸುತ್ತದೆ. ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಔಷಧಗಳನ್ನು ಶೂಟಿಂಗ್‌ನಲ್ಲಿ ನಿಷೇಧಿಸಿರುವುದು ಇದೇ ಕಾರಣಕ್ಕೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್-ಸು ಇಂಥ ಔಷಧದಿಂದಲೇ ಎರಡು ಪದಕ ಕಳೆದುಕೊಂಡರು. ಹಾಗಾದರೆ ಔಷಧವಿಲ್ಲದೆ ತಣ್ಣಗಾಗುವುದೇ ದಾರಿ ಎಂದುಕೊಂಡು ಪಂದ್ಯಕ್ಕೆ ಮುನ್ನ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗತೊಡಗಿದೆ, ನಿಧಾನವಾಗಿ ಉಸಿರಾಡತೊಡಗಿದೆ. ಅಂಕ ಇನ್ನೂ ಇಳಿಯಿತು! ಗುರಿಯನ್ನು ಅತಿ ಹೊತ್ತು ಹಿಡಿದು ನಿಲ್ಲುತ್ತಿದ್ದೆ, ತೋಳು ಸೋಲುತ್ತಿತ್ತು, ಆಮೇಲೆ ಹೇಗೋ ಒಂದು ಹೊಡೆದು ಮುಗಿಸುತ್ತಿದ್ದೆ.

ಕೋಚ್ ಮೇಡಂ ಎರಡು ವಾರ ಸುಮ್ಮನೆ ನೋಡಿದರು. ಆಮೇಲೆ ಕೇಳಿದರು: “ನಿನಗೆ ಹೆದರಿಕೆಯಾದದ್ದು ಎಲ್ಲಮ್ಮಾ, ಎದೆಯಲ್ಲೋ ತಲೆಯಲ್ಲೋ?”

ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಪಂದ್ಯಕ್ಕೆ ಮುನ್ನ ಎರಡು ಅಂಕಿ ಬರೆಯುವುದು: ದೇಹದ ಕಾವು, ಅಂದರೆ ಮೈಯ ಉದ್ವೇಗ, ಹತ್ತರಲ್ಲಿ ಎಷ್ಟು, ತಲೆಯ ಚಿಂತೆ ಎಷ್ಟು. ಮುಗಿದ ಮೇಲೆ ಪಕ್ಕದಲ್ಲಿ ಅಂಕ. ಅಭ್ಯಾಸ ಪಂದ್ಯಗಳೂ ಸೇರಿ ಮೂವತ್ತು ಸಾಲು ತುಂಬುವ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಕಾವು 2 ಇದ್ದ ದಿನಗಳು ಕಳಪೆ, 9 ಇದ್ದವೂ ಕಳಪೆ, ಒಳ್ಳೆಯ ಅಂಕವೆಲ್ಲ 5ರಿಂದ 7ರೊಳಗೆ. ಚಿಂತೆಯ ಅಂಕಿಗೆ ಈ ನಡುವಿನ ಜಾಗವೇ ಇರಲಿಲ್ಲ. ಅದು ಏರಿದಂತೆಲ್ಲ ಅಂಕ ಇಳಿದಿತ್ತು.

ನಡುಮಟ್ಟದ ಕಾವೇ ಮೇಲು ಎಂಬ ಮಾತಿಗೆ ಎಲ್ಲರೂ ತೋರಿಸುವ ತಲೆಕೆಳಗಾದ ‘ಯು’ ಆಕಾರದ ಗೆರೆಯ ಮೂಲ ಮನಶ್ಶಾಸ್ತ್ರಜ್ಞರಾದ ಯರ್ಕ್ಸ್ ಮತ್ತು ಡಾಡ್ಸನ್ ಅವರ 1908ರ ಪ್ರಯೋಗ. ಅದು ನಡೆದದ್ದು ಇಲಿಗಳ ಮೇಲೆ, ವಿದ್ಯುತ್ ಆಘಾತ ಕೊಟ್ಟು. ಅದನ್ನು ನೇರವಾಗಿ ಆಟಗಾರರಿಗೆ ಅಂಟಿಸುವುದು ನನಗೆ ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ. ನನ್ನ ನೋಟ್‌ಬುಕ್ಕಿಗೆ ಹೆಚ್ಚು ಹೊಂದಿದ್ದು ಕ್ರೀಡಾ ಮನಶ್ಶಾಸ್ತ್ರಜ್ಞ ಯೂರಿ ಹಾನಿನ್ ಅವರ ವಿಚಾರ: ಚೆನ್ನಾಗಿ ಆಡಿಸುವ ಮಟ್ಟ ಒಬ್ಬೊಬ್ಬರಿಗೆ ಒಂದೊಂದು, ಅದನ್ನು ಅವರವರ ದಾಖಲೆಯಿಂದಲೇ ಕಂಡುಕೊಳ್ಳಬೇಕು. ನನ್ನ ಜೊತೆ ವ್ಯಾಯಾಮ ಮಾಡುವ ಭಾರ ಎತ್ತುವ ಗೆಳತಿ ವೇದಿಕೆಗೆ ಹೋಗುವ ಮುನ್ನ ತೊಡೆಗೆ ಫಟಫಟ ಬಡಿದುಕೊಳ್ಳುತ್ತಾಳೆ. ಅವಳ ಕಾವಿನಲ್ಲಿ ನಾನು ಪಿಸ್ತೂಲು ಹಿಡಿದರೆ ಗುಂಡು ಗುರಿಹಲಗೆಗೆ ತಗುಲಿದರೂ ದೊಡ್ಡದು.

ಈಗ ಕಾವಿಗೆ ಒಂದು ಉಪಾಯ, ಚಿಂತೆಗೆ ಇನ್ನೊಂದು. ಕಾವು 3ಕ್ಕೆ ಇಳಿದಿದ್ದರೆ ಎರಡು ನಿಮಿಷ ಹಗ್ಗ ಜಿಗಿತ. 8 ದಾಟಿದ್ದರೆ ಒಳಗೆಳೆದ ಉಸಿರಿನ ಎರಡರಷ್ಟು ಹೊತ್ತು ಉಸಿರು ಬಿಡುವುದು. ಏಕೆಂದರೆ ಉಸಿರು ಬಿಡುವಾಗ ಬಡಿತ ನಿಧಾನವಾಗುತ್ತದೆ. ಚಿಂತೆ ಮಾತ್ರ ಉಸಿರಿಗೆ ಜಗ್ಗುವುದಿಲ್ಲ, ಅದಕ್ಕೆ ಮಾಡಲು ಬೇರೆ ಕೆಲಸ ಕೊಡಬೇಕು. ಕೈ ಏಳುವಾಗ ‘ಸೈಟ್’ ಎಂಬ ಒಂದೇ ಪದವನ್ನು ಮನಸ್ಸಿನಲ್ಲಿ ಎಳೆದು ಹೇಳಿಕೊಳ್ಳುತ್ತೇನೆ. ಅದು ಮುಗಿಯುವುದರೊಳಗೆ ಬೆರಳು ತನ್ನ ಪಾಡಿಗೆ ತಾನು ಕೆಲಸ ಮುಗಿಸಿರುತ್ತದೆ. ಪರದೆಯ ಆ ಮೂಲೆಯ ಕಡೆ ನೋಡುವುದಿಲ್ಲ.

ಒಂದು ಗುಂಡು ಪೂರ್ತಿ ಕೆಟ್ಟರೆ ಮರುಗುಂಡಿನಲ್ಲೇ ಸರಿಪಡಿಸಲು ಹೋಗುವುದನ್ನೂ ಬಿಟ್ಟೆ. ಒಮ್ಮೆ ಕುಸಿದ ಮೇಲೆ ಕಾವನ್ನು ಸ್ವಲ್ಪ ಇಳಿಸಿದರೆ ಸಾಲದು, ಬಹಳ ಕೆಳಗೆ ಇಳಿಸಿ ಮತ್ತೆ ಏರಿಸಿಕೊಳ್ಳಬೇಕು. ಗುಂಡಿಗೆ ಸರಾಸರಿ 75 ಸೆಕೆಂಡು ಇರುವಾಗ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಮೂರು ನಿಮಿಷ ಹಿಂದೆ ಸರಿದು ನಿಂತರೆ ನಷ್ಟವೇನೂ ಇಲ್ಲ. ಮೊದಮೊದಲು ಆ ಮೂರು ನಿಮಿಷ ನಿಲ್ಲುವುದೇ ಹಿಂಸೆಯಾಗಿತ್ತು.

ಕಳೆದ ಪಂದ್ಯದ ಸಾಲು ಹೀಗಿದೆ: ಕಾವು 7, ಚಿಂತೆ 3, ಅಂಕ 572. ಕೆಳಗೆ ಪೆನ್ಸಿಲಿನಲ್ಲಿ: ‘53ನೆಯದಕ್ಕೆ ಕೂಡಿಸಲು ಕುಳಿತೆ. ಎಂಟು.’